ಗಂಟೆ, ಗೆಜ್ಜೆ ತೊಳೆಯುವ ಡ್ರಮ್ಮು: ಕೊಳ್ಳುವ ಮುಂಚೆ ಬೋರಿನ ನೀರು ನೋಡಿ

ಹಿತ್ತಾಳೆ ತೊಳೆಯುವ ಡ್ರಮ್ ಯಂತ್ರ, ಅಂದರೆ ವೆಟ್ ಟಂಬ್ಲರ್, ಹೇಗಿರಬೇಕು ಎಂದು ವಿಚಾರಿಸಿದರೆ ಸಿಗುವುದೆಲ್ಲ ಅಮೆರಿಕದ ಬಂದೂಕು ಹವ್ಯಾಸಿಗಳ ಮಾತು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ಅವರು ಆಯ್ದು ತಂದು, ತೊಳೆದು, ಮತ್ತೆ ಮದ್ದು ತುಂಬಿ ಬಳಸುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯದೇ ಪರವಾನಗಿ ಬೇಕು. ಬೆಳೆ ಕಾಯಲು ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಮನೆಯಲ್ಲಿ ತೋಟಾ ತುಂಬುವ ಹಕ್ಕು ಬಂದುಬಿಡುವುದಿಲ್ಲ.

ಆದರೆ ಡ್ರಮ್ಮಿಗೆ ಒಳಗಿರುವುದು ತೋಟಾನೋ ಗೆಜ್ಜೆಯೋ ಗೊತ್ತಾಗುವುದಿಲ್ಲವಲ್ಲ. ಮೂಡಲಪಾಯ ಯಕ್ಷಗಾನ ಮೇಳದ ಗೆಜ್ಜೆ, ದೇವಸ್ಥಾನದ ತೂಗುದೀಪದ ಸರಪಣಿ, ದನದ ಕೊರಳಗಂಟೆ, ಮೋಟರ್ ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟ ಬುಶ್ಶು, ವಾಲ್ವು: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಇಂಥ ಸಣ್ಣ ಹಿತ್ತಾಳೆ ಸಾಮಾನಿಗೆ ಬರವಿಲ್ಲ. ಬಿಂದಿಗೆ, ಕೊಳಗ, ತಟ್ಟೆ ತೊಳೆಯಲು ಯಂತ್ರ ದಂಡ. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು ಸಾಕು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪು ಅದಕ್ಕೆ ಕೈ ಜೋಡಿಸುತ್ತದೆ, ನಾರು ಉಜ್ಜುತ್ತದೆ. ಯಂತ್ರ ಬೇಕಾಗುವುದು ಬೆರಳು ಹೋಗದ ಸಂದುಗೊಂದು ಇರುವ, ಒಂದೊಂದಾಗಿ ಉಜ್ಜಿದರೆ ದಿನವೇ ಮುಗಿಯುವಷ್ಟು ಇರುವ ಸಾಮಾನಿಗೆ.

ಕೆಲಸ ನಡೆಯುವ ಬಗೆ ಸರಳ. ಅಡ್ಡ ಮಲಗಿಸಿದ ಡ್ರಮ್ಮಿನಲ್ಲಿ ನೀರು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಚಿಟಿಕೆ ಸಿಟ್ರಿಕ್ ಆಸಿಡ್ ಪುಡಿ, ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಸಣ್ಣ ಪಿನ್ನು. ಡ್ರಮ್ ತಿರುಗಿದಂತೆ ಒಳಗಿನ ರಾಶಿ ಒಂದು ಬದಿಗೆ ಏರಿ ಕುಸಿಯುತ್ತದೆ. ಕುಸಿಯುವಾಗ ಪಿನ್ನುಗಳು ಹಿತ್ತಾಳೆಯ ಮೇಲೆ ಜಾರುತ್ತ ಕಿಲುಬು ಕೆರೆಯುತ್ತವೆ. ಆಮ್ಲ ಕಿಲುಬನ್ನು ಸಡಿಲಿಸುತ್ತದೆ, ಸೋಪು ಅದನ್ನು ಮತ್ತೆ ಅಂಟದಂತೆ ನೀರಿನಲ್ಲೇ ತೇಲಿಸಿಡುತ್ತದೆ.

ಕೊಳ್ಳುವವರು ಮೊದಲು ಎಡವುವುದು ತೂಕದಲ್ಲಿ. ಡ್ರಮ್ಮಿನ ಮೇಲೆ ಬರೆದ ಕಿಲೋ ಲೆಕ್ಕದಲ್ಲಿ ನೀರು, ಪಿನ್ನು ಎಲ್ಲವೂ ಸೇರಿರುತ್ತವೆ. ಅಮೆರಿಕದವರ ಹಳೆಯ ಅಳತೆ ಸುಮಾರು 2.3 ಕಿಲೋ ಪಿನ್ನು, 3.8 ಲೀಟರ್ ನೀರು, 900 ಗ್ರಾಂ ಹಿತ್ತಾಳೆ. ಏಳು ಕಿಲೋ ಯಂತ್ರ ಎಂದು ತಂದರೆ ಒಂದು ಸಲಕ್ಕೆ ತೊಳೆಯುವುದು ಒಂದು ಕಿಲೋಗೂ ಕಡಿಮೆ. ಮೂರು ಕಿಲೋ ಡ್ರಮ್ಮಿಗೆ ಹಿಡಿಸುವುದು 400 ಗ್ರಾಂ. ಮೇಳದವರ ಗೆಜ್ಜೆಗೆ ಅದು ಏನೇನೂ ಸಾಲದು. ಹೆಚ್ಚು ತುರುಕಿದರೆ ಬೆಲ್ಟ್ ಜಾರುತ್ತದೆ, ಮೋಟರ್ ಬಿಸಿಯಾಗುತ್ತದೆ, ರಾಶಿ ಕುಸಿಯಲು ಜಾಗವೇ ಇಲ್ಲದೆ ಒಟ್ಟಾಗಿ ಹೊರಳುತ್ತ ಕೂರುತ್ತದೆ.

ಆಮೇಲೆ ವೇಗ. ಜೋರಾಗಿ ತಿರುಗಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ವೇಗ ಮಿತಿ ಮೀರಿದರೆ ಒಳಗಿನದೆಲ್ಲ ಗೋಡೆಗೆ ಅಂಟಿಕೊಂಡು ಡ್ರಮ್ಮಿನ ಜೊತೆಗೇ ಸುತ್ತುತ್ತದೆ, ಉಜ್ಜಾಟ ನಿಂತೇ ಹೋಗುತ್ತದೆ. ಆ ಮಿತಿಗೊಂದು ಲೆಕ್ಕವಿದೆ: ಡ್ರಮ್ಮಿನ ಒಳವ್ಯಾಸವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲದಿಂದ 42.3ನ್ನು ಭಾಗಿಸಿ. 20 ಸೆಂ.ಮೀ. ಡ್ರಮ್ಮಿಗೆ ನಿಮಿಷಕ್ಕೆ ಸುಮಾರು 95 ಸುತ್ತು ಬರುತ್ತದೆ. ಅದರ ಅರ್ಧದ ಆಸುಪಾಸು, 40ರಿಂದ 55 ಸುತ್ತು, ಕೆಲಸಕ್ಕೆ ಹದವಾದದ್ದು. ಲೇತ್ ಅಂಗಡಿಯಲ್ಲಿ ಹಳೆಯ ಮೋಟರಿಗೆ ಪುಲ್ಲಿ ಹಾಕಿಸಿ ಸ್ವಂತಕ್ಕೆ ಮಾಡಿಸಿಕೊಳ್ಳುವವರಿಗೆ ಈ ಲೆಕ್ಕ ಮುಖ್ಯ. ಒಳಗೆ ರಬ್ಬರ್ ಹೊದಿಕೆ ಇದ್ದರೆ ಸದ್ದು ಕಡಿಮೆ. ಆರು ಮೂಲೆಯ ಡ್ರಮ್ಮಾದರೆ ರಾಶಿ ಜಾರದೆ ಚೆನ್ನಾಗಿ ಹೊರಳುತ್ತದೆ.

ಪಿನ್ನಿನ ಅಳತೆ ಸಾಮಾನಿನ ರಂಧ್ರ ನೋಡಿ ಆರಿಸಬೇಕು. ಹೆಚ್ಚಾಗಿ ಸಿಗುವುದು ಸುಮಾರು 1.2 ಮಿ.ಮೀ. ದಪ್ಪ, 6.5 ಮಿ.ಮೀ. ಉದ್ದದ್ದು. ರಂಧ್ರವೋ ಸೀಳೋ ಪಿನ್ನಿನ ದಪ್ಪದ ಎರಡರಷ್ಟಕ್ಕೆ ಹತ್ತಿರವಿದ್ದರೆ ಎರಡು ಪಿನ್ನು ಜೋಡಿಯಾಗಿ ನುಗ್ಗಿ ಕಚ್ಚಿಕೊಳ್ಳುತ್ತವೆ. ಗೆಜ್ಜೆಯ ಬಾಯಿ ಅಂಥದ್ದೇ. ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ನಾದ ಮಂಕಾಗಿದ್ದರೆ ಒಳಗೆ ಪಿನ್ನು ಉಳಿದಿದೆ ಎಂದೇ ಅರ್ಥ; ದಬ್ಬಳದಿಂದ ಎಬ್ಬಿಸಬೇಕು. ಗೆಜ್ಜೆಯೊಳಗಿನ ಗುಂಡು ಕಬ್ಬಿಣದ್ದಾದರೆ ನೀರು ಒಳಗೆ ನಿಂತು ತುಕ್ಕು ಹಿಡಿಯುತ್ತದೆ. ಹೊರತೆಗೆದ ಕೂಡಲೇ ಕೊಡವಿ, ಬಿಸಿಲಲ್ಲಿ ಬಾಯಿ ಕೆಳಗಾಗಿ ಹರಡಬೇಕು.

ಸ್ಟೇನ್‌ಲೆಸ್ ಎಂದು ಬರೀ ಕಬ್ಬಿಣದ ಪಿನ್ನು ಕೊಟ್ಟಾರು. ನಾಲ್ಕು ಪಿನ್ನನ್ನು ಒಂದು ರಾತ್ರಿ ಉಪ್ಪುನೀರಿನಲ್ಲಿ ಹಾಕಿಡಿ; ಬೆಳಿಗ್ಗೆ ಕೆಂಪಾಗಿದ್ದರೆ ವಾಪಸ್ ಮಾಡಿ. ಕಬ್ಬಿಣದಿಂದ ಆಗುವ ತೊಂದರೆ ತುಕ್ಕಿಗೇ ಮುಗಿಯುವುದಿಲ್ಲ. ಆಮ್ಲದ ನೀರಿನಲ್ಲಿ ಕರಗಿದ ತಾಮ್ರ ಕಬ್ಬಿಣದ ನೆರವಿನಿಂದ ಮತ್ತೆ ಲೋಹದ ಮೇಲೆ ಕೂತು ಹಿತ್ತಾಳೆಗೆ ಗುಲಾಬಿ ಛಾಯೆ ಬರುತ್ತದೆ. ಆಮ್ಲ ಜಾಸ್ತಿಯಾದರೂ ಸಮಯ ಮೀರಿದರೂ ಅದೇ ಬಣ್ಣ, ಆಗ ಹೋಗಿರುವುದು ಹಿತ್ತಾಳೆಯಲ್ಲಿನ ಸತು.

ಇನ್ನು ನೀರು. ನನ್ನ ಮಟ್ಟಿಗೆ ಯಂತ್ರದ ಕಂಪನಿಗಿಂತ ಇದೇ ದೊಡ್ಡದು. ಅಮೆರಿಕದವರು ಕಾಲು ಟೀಚಮಚ ಸಿಟ್ರಿಕ್ ಆಸಿಡ್ ಎನ್ನುತ್ತಾರೆ, ಅಂದರೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ನಮ್ಮ ಬೋರಿನ ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಮೊದಲು ಆ ಆಮ್ಲವನ್ನೇ ತಿಂದುಹಾಕುತ್ತದೆ. ನೀರಿನ ಕ್ಷಾರತೆ ಲೀಟರಿಗೆ 300 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ನಾಲ್ಕು ಲೀಟರಿಗೆ 1.2 ಗ್ರಾಂ ಆಯಿತು. ಅದನ್ನು ತಣಿಸಲೇ ಒಂದೂವರೆ ಗ್ರಾಂ ಸಿಟ್ರಿಕ್ ಆಸಿಡ್ ಬೇಕು. ಕಾಲು ಚಮಚ ಅಲ್ಲಿಗೇ ಖರ್ಚು, ಕಿಲುಬಿಗೆ ಉಳಿಯುವುದು ಸೊನ್ನೆ. ಜೊತೆಗೆ ನೀರಿನ ಗಡಸುತನದಿಂದ ನೊರೆ ಕಡಿಮೆ. ಒಣಗಿದ ಮೇಲೆ ಬಿಳಿ ಬಿಳಿ ಕಲೆ ಬೇರೆ. ಜನ ಯಂತ್ರ ಸರಿಯಿಲ್ಲ ಎಂದು ಬೈದು ಮೂಲೆಗೆ ಸೇರಿಸುತ್ತಾರೆ. ಪಾವಗಡದ ಕಡೆ ಫ್ಲೋರೈಡ್ ಕಾರಣಕ್ಕೆ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಫ್ಲೋರೈಡಿಗೂ ಹಿತ್ತಾಳೆಗೂ ಸಂಬಂಧವಿಲ್ಲ, ಆದರೆ ಅದನ್ನು ತೆಗೆಯುವ ಆರ್‌ಒ ಯಂತ್ರ ಗಡಸುತನವನ್ನೂ ಬೈಕಾರ್ಬನೇಟನ್ನೂ ತೆಗೆಯುತ್ತದೆ. ಮೊದಲ ತೊಳೆತ ಬೋರಿನ ನೀರಿನಲ್ಲೇ, ಆಸಿಡ್ ಹಾಕದೆ, ಬರೀ ಸೋಪಿನಲ್ಲಿ ಆಗಲಿ. ಆಸಿಡ್ ಹಾಕುವ ಸುತ್ತಿಗೂ ಕೊನೆಯ ಜಾಲಾಟಕ್ಕೂ ಆ ಘಟಕದ ಕ್ಯಾನ್ ನೀರು ಬಳಸಿ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಹುಣಸೆ ನಮ್ಮಲ್ಲಿ ಧಾರಾಳವಾಗಿ ಬೆಳೆಯುತ್ತದೆ, ಅದನ್ನೇ ಕಿವುಚಿ ಹಾಕಿದರಾಗದೇ ಎಂದು ಕೇಳಬಹುದು. ಡ್ರಮ್ಮಿಗೆ ಬೇಡ. ನಾರು, ಸಿಪ್ಪೆಯ ಚೂರು ಪಿನ್ನಿಗೆ ಸುತ್ತಿಕೊಂಡು ಗೆಜ್ಜೆಯ ಹೊಟ್ಟೆ ಸೇರುತ್ತವೆ. ಅಷ್ಟೇ ಗಮನ ಕರೆಂಟಿನ ಮೇಲೂ ಇರಲಿ. ಪಾವಗಡ ತಾಲೂಕಿನ ತಿರುಮಣಿಯ ಸುತ್ತ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಹರಡಿದ್ದರೂ ನಿಮ್ಮ ಬೀದಿಯಲ್ಲಿ ಕರೆಂಟ್ ಹೋಗಬಹುದು. ಆಸಿಡ್ ಹಾಕಿದ ಮೇಲೆ ಡ್ರಮ್ ನಿಂತರೆ ಕಾಯುತ್ತ ಕೂರಬೇಡಿ. ಸಾಮಾನು ಹೊರತೆಗೆದು ಜಾಲಾಡಿ ಇಡಿ. ಗಂಟೆಗಟ್ಟಲೆ ಹುಳಿನೀರಿನಲ್ಲಿ ನೆನೆದರೆ ಪಟ್ಟೆಪಟ್ಟೆ ಕಲೆ ಬೀಳುತ್ತದೆ.

ಕಲಾಯಿ ಹಾಕಿದ್ದನ್ನು ಒಳಗೆ ಬಿಡಲೇಬೇಡಿ. ತವರ ಮೆತ್ತಗಿನದು, ಪಿನ್ನು ಅದನ್ನು ಎಬ್ಬಿಸಿಬಿಡುತ್ತದೆ. ಉತ್ಸವಮೂರ್ತಿ, ಹಳೆಯ ವಿಗ್ರಹ, ಕೆತ್ತನೆಯ ಕೆಲಸದ ದೀಪ ಕೂಡ ಬೇಡ. ಕೆತ್ತನೆಯ ಏಣುಗಳು ಸವೆದರೆ ಮತ್ತೆ ಬರುವುದಿಲ್ಲ. ಭಜನೆಯ ಕಂಚಿನ ತಾಳ ಪೆಡಸು, ಏಟಿಗೆ ಅಂಚು ಸಿಡಿಯಬಹುದು.

ಬೇಗ ಹೊಳಪು ಬರುತ್ತದೆಂದು ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಸುರಿಯುವವರಿದ್ದಾರೆ. ಅದು ಬೇಡವೆನ್ನಲು ಒಂದು ಹಳೆಯ ಕಥೆ ಇದೆ, ಅದೂ ನಮ್ಮ ದೇಶದ್ದೇ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಇಂಗ್ಲಿಷಿನಲ್ಲಿ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರಾಯಿತು. ಕಾರಣ ಬಗೆಹರಿದದ್ದು 1921ರಲ್ಲಿ: ಮಳೆಯಲ್ಲಿ ತೋಟಾಗಳನ್ನು ಇಡುತ್ತಿದ್ದುದು ಕುದುರೆ ಲಾಯದಲ್ಲಿ, ಕುದುರೆಯ ಗಂಜಲದಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿ, ಎಳೆದು ರೂಪಿಸಿದ ಹಿತ್ತಾಳೆಯಲ್ಲಿ ಉಳಿದಿದ್ದ ಬಿಗುವಿನ ಜಾಗವನ್ನೇ ಸೀಳುತ್ತಿತ್ತು. ದನದ ಕೊಟ್ಟಿಗೆಯ ಗಾಳಿಯಲ್ಲೂ ಅದೇ ಅಮೋನಿಯಾ. ಎರಕದ ಗಂಟೆಗೆ ಅಷ್ಟು ಭಯವಿಲ್ಲ. ತಗಡು ಬಡಿದು, ಒತ್ತಿ ಮಾಡಿದ ಗಂಟೆಯನ್ನು ತೊಳೆದ ಮೇಲೆ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಬೇಡಿ, ಮನೆಯೊಳಗೆ ಒಣ ಜಾಗದಲ್ಲಿಡಿ.

ಮುಗಿದ ಮೇಲೆ ಡ್ರಮ್ಮಿನಿಂದ ಬರುವ ನೀರು ಕಪ್ಪಗಿರುತ್ತದೆ. ಅದರಲ್ಲಿ ಕರಗಿದ ತಾಮ್ರ, ಸತು ಇರುತ್ತವೆ. ಲೇತಿನಲ್ಲಿ ಕಡೆದ ಬುಶ್ಶು, ವಾಲ್ವಿನ ಹಿತ್ತಾಳೆಯಾದರೆ ಸೀಸವೂ ಇರಬಹುದು. ತಾಮ್ರಕ್ಕೆ ದನಕ್ಕಿಂತ ಕುರಿ ಬಹಳ ಬೇಗ ಬಲಿಯಾಗುತ್ತದೆ, ಸ್ವಲ್ಪಸ್ವಲ್ಪವೇ ಈಲಿಯಲ್ಲಿ ಕೂಡಿಬಂದು ಒಮ್ಮೆಗೇ ವಿಷವೇರುತ್ತದೆ. ಸಿರಾ, ಪಾವಗಡದಂಥ ಕುರಿ ಸಾಕುವ ಸೀಮೆಯಲ್ಲಿ ಈ ನೀರನ್ನು ತೊಟ್ಟಿಯ ಹತ್ತಿರವಾಗಲಿ, ಮಂದೆ ಮೇಯುವ ಕಡೆಯಾಗಲಿ, ಕಟ್ಟೆಗೆ ಹರಿಯುವ ಕಾಲುವೆಗಾಗಲಿ ಚೆಲ್ಲಬಾರದು. ಹಳೆಯ ಬಕೆಟ್ಟಿಗೆ ಬಗ್ಗಿಸಿ ಒಂದು ಹಿಡಿ ಸುಣ್ಣ ಕಲಸಿಟ್ಟರೆ ಲೋಹ ಬಹುಮಟ್ಟಿಗೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ದನಕರು, ಬಾವಿ, ಬೋರಿನಿಂದ ದೂರ ಚೆಲ್ಲಿ, ಕೆಳಗಿನ ಗಸಿಯನ್ನು ಒಣಗಿಸಿ ಡಬ್ಬಕ್ಕೆ ತುಂಬಿ ಮುಚ್ಚಿಡಿ.