ಬೇಲೂರಿಗೇಕೆ ಟಿಕೆಟ್ ಇಲ್ಲ?

ಸೋಮನಾಥಪುರದ ಕೇಶವ ದೇಗುಲಕ್ಕೆ ಟಿಕೆಟ್ ಕೊಳ್ಳಬೇಕು; ಬೇಲೂರಿನ ಚೆನ್ನಕೇಶವನನ್ನು ನೋಡಲು ಬಿಡಿಗಾಸೂ ಬೇಡ. ಎರಡೂ ಹೊಯ್ಸಳರ ಕಾಲದವು. ಹಳೇಬೀಡಿನೊಂದಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮತ್ತೇಕೆ ಈ ಭೇದ?

ಉತ್ತರ ಗರ್ಭಗುಡಿಯಲ್ಲಿದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯ ಪೂಜೆಯುಂಟು. ಸೋಮನಾಥಪುರದಲ್ಲಿ ಪೂಜೆ ನಿಂತುಹೋಗಿದೆ. ದೇವರ ದರ್ಶನಕ್ಕೆ ಬಂದವರಿಂದ ಪ್ರವೇಶ ಶುಲ್ಕ ಕೇಳಲಾದೀತೆ?

ಮಕ್ಕಳೊಂದಿಗೆ ಹೊರಟವರಿಗೆ ಇನ್ನೊಂದು ಮಾತು. ಪುರಾತತ್ವ ಇಲಾಖೆಯ ಟಿಕೆಟ್ ಇರುವ ಕಡೆಯೂ ಹದಿನೈದು ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ದೊಡ್ಡವರನ್ನೂ ಬಿಟ್ಟಿಯಾಗಿ ಬಿಟ್ಟದ್ದುಂಟು.

ಬಿಟ್ಟಿಯೆಂದು ಹತ್ತು ನಿಮಿಷದಲ್ಲಿ ಹೊರಟುಬಿಡಬೇಡಿ. ಉಳಿದ ದುಡ್ಡಿಗೆ ಒಬ್ಬ ಗೈಡನ್ನು ಕರೆದುಕೊಳ್ಳಿ. ಬೇಲೂರಿನ ಮದನಿಕೆಯರ ಕಥೆಯನ್ನು ಮಕ್ಕಳೂ ಕೇಳಲಿ.