ವಾಲ್ವ್ ಓವರ್‌ಲ್ಯಾಪ್

ವಾಲ್ವ್ ಓವರ್‌ಲ್ಯಾಪ್ ಎಂಬುದು ನಾಲ್ಕು ಸ್ಟ್ರೋಕ್‌ಗಳ ಅಂತರ್ದಹನ ಎಂಜಿನ್ನಿನಲ್ಲಿ ಒಳಹರಿವಿನ ಕವಾಟವೂ (ವಾಲ್ವ್) ಹೊಗೆ ಹೊರಹಾಕುವ ನಿಷ್ಕಾಸ ಕವಾಟವೂ ಏಕಕಾಲದಲ್ಲಿ ತೆರೆದಿರುವ ಅವಧಿಯಾಗಿದೆ. ಇದನ್ನು ಕ್ರ್ಯಾಂಕ್‌ಶಾಫ್ಟ್ ತಿರುಗುವ ಡಿಗ್ರಿಗಳಲ್ಲಿ ಅಳೆಯುತ್ತಾರೆ.

ಕಾರ್ಯವಿಧಾನ

ಕ್ಯಾಮ್‌ಶಾಫ್ಟಿನ ಮೇಲಿನ ಉಬ್ಬುಗಳು ಕವಾಟಗಳನ್ನು ತೆರೆಯುತ್ತವೆ. ಸ್ಪ್ರಿಂಗ್‌ಗಳು ಅವನ್ನು ಮುಚ್ಚುತ್ತವೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಉದಾಹರಣೆಗೆ, ನಿಷ್ಕಾಸದ ಕೊನೆಯಲ್ಲಿ ಪಿಸ್ಟನ್ ಮೇಲ್ತುದಿ ತಲುಪಲು 10 ಡಿಗ್ರಿ ಇರುವಾಗಲೇ ಒಳಹರಿವಿನ ಕವಾಟ ತೆರೆದು, ತಲುಪಿ 15 ಡಿಗ್ರಿ ಕಳೆದ ಮೇಲೆ ನಿಷ್ಕಾಸ ಕವಾಟ ಮುಚ್ಚಿದರೆ, ಓವರ್‌ಲ್ಯಾಪ್ 25 ಡಿಗ್ರಿ ಆಗುತ್ತದೆ.

ಪರಿಣಾಮಗಳು

ಹೆಚ್ಚಿನ ವೇಗದಲ್ಲಿ, ರಭಸದಿಂದ ಹೊರಹೋಗುವ ಹೊಗೆಯು ತನ್ನ ಹಿಂದೆ ಹೊಸ ಮಿಶ್ರಣವನ್ನು ಸೆಳೆದುಕೊಳ್ಳುವುದರಿಂದ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ಕಡಿಮೆ ವೇಗದಲ್ಲಿ ಅದೇ ಓವರ್‌ಲ್ಯಾಪ್ ದೋಷವಾಗುತ್ತದೆ: ಹೊಗೆ ಹಿಂದಕ್ಕೆ ನುಗ್ಗಿ ಎಂಜಿನ್ ಅದುರುತ್ತದೆ. ಆದ್ದರಿಂದ ರೇಸ್ ಎಂಜಿನ್‌ಗಳಲ್ಲಿ ಇದು ಹೆಚ್ಚು, ದಿನಬಳಕೆಯ ವಾಹನಗಳಲ್ಲಿ ಕಡಿಮೆ. ವೇಗಕ್ಕೆ ತಕ್ಕಂತೆ ಕವಾಟಗಳ ಚಲನೆಯನ್ನು ಬದಲಿಸುವ ಹೋಂಡಾದ ವಿಟೆಕ್ ವ್ಯವಸ್ಥೆ 1989ರಲ್ಲಿ ಬಂದಿತು.

ಎರಡು ಸ್ಟ್ರೋಕ್ ಎಂಜಿನ್‌ಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳ ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಇರಲಿಲ್ಲ. ಸಿಲಿಂಡರ್ ಗೋಡೆಯ ರಂಧ್ರಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿತ್ತು. ಇಂತಹ ಎಂಜಿನ್ನಿನಲ್ಲಿ ಎರಡೂ ಬಗೆಯ ರಂಧ್ರಗಳು ಬಹುಹೊತ್ತು ಒಟ್ಟಿಗೆ ತೆರೆದಿರುವುದರಿಂದ, ಸ್ವಲ್ಪ ಇಂಧನ ಉರಿಯದೆಯೇ ಹೊಗೆಯೊಡನೆ ಹೊರಹೋಗುತ್ತದೆ. 2018ರಲ್ಲಿ ಮರಳಿ ಬಂದ ಜಾವಾ ಬೈಕಿನಲ್ಲಿರುವುದು ನಾಲ್ಕು ಸ್ಟ್ರೋಕ್ ಎಂಜಿನ್. ಅದರಲ್ಲಿ ಎರಡು ಕ್ಯಾಮ್‌ಶಾಫ್ಟ್‌ಗಳಿವೆ.