ಹಿಮದ ನಾಡಿನಲ್ಲಿ ಬೆವರು

ಪ್ರಶ್ನೆ: ಹಿಂದಿನ ಧ್ರುವಾನ್ವೇಷಕರಿಗೆ ಚಳಿಗಿಂತ ಮಿಗಿಲಾದ ಕಷ್ಟವೇನಾದರೂ ಇದ್ದಿತೇ?
– ಓದುಗರೊಬ್ಬರು, ಅತ್ತಾವರ, ಮಂಗಳೂರು

ಉತ್ತರ: ಇದ್ದಿತು, ಅತ್ತಾವರದ ಸೆಕೆಯಲ್ಲಿರುವ ತಮಗೆ ನಗು ಬಂದೀತು, ಅದು ಬೆವರು. 1911ರ ಜೂನ್ ಕೊನೆಗೆ, ಪೆಂಗ್ವಿನ್ ಮೊಟ್ಟೆಗಳನ್ನರಸಿ, ಅಂಟಾರ್ಕ್ಟಿಕದ ಚಳಿಗಾಲದ ನಿರಂತರಾಂಧಕಾರದಲ್ಲಿ ತಾವೇ ಜಾರುಬಂಡಿಗಳನ್ನೆಳೆಯುತ್ತ ಹೊರಟ ವಿಲ್ಸನ್, ಚೆರಿ-ಗ್ಯಾರಾರ್ಡ್, ಮತ್ತು ರಾಯಲ್ ಇಂಡಿಯನ್ ಮರೀನ್ ಅಧಿಕಾರಿ ಬೋವರ್ಸ್, ಈ ಮೂವರ ಮೈಬೆವರೂ ಉಸಿರಿನ ಆವಿಯೂ ಉಡುಪಿನಲ್ಲಿ, ಹಿಮಸಾರಂಗದ ತೊಗಲಿನ ಮಲಗುಚೀಲಗಳಲ್ಲಿ ಹೆಪ್ಪುಗಟ್ಟಲಾಗಿ, ನಿದ್ರೆಯೆಂಬುದು ಆ ಗಡ್ಡೆಯನ್ನು ದೇಹದ ಕಾವಿನಿಂದ ಕರಗಿಸುವ ದುಡಿಮೆಯೇ ಆಯಿತು. ಉಷ್ಣತೆಯು ಶೂನ್ಯಕ್ಕಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿದ್ದಿತು. ಬಿರುಗಾಳಿ ಗುಡಾರವನ್ನೇ ಒಯ್ದಿತು, ಅದು ಮರಳಿ ದೊರೆತುದು ಕೇವಲ ದೈವಯೋಗ. ಐದು ವಾರಗಳಲ್ಲಿ, ಮೂರು ಮೊಟ್ಟೆಗಳೊಡನೆ, ಮೂವರೂ ಜೀವಂತರಾಗಿ ಹಿಂದಿರುಗಿದರು. ವಿಲ್ಸನ್, ಬೋವರ್ಸ್ ಇಬ್ಬರೂ ಮರುವರ್ಷ ಧ್ರುವದಿಂದ ಮರಳುವಾಗ ತಮ್ಮ ತಂಡದ ನಾಯಕ ಸ್ಕಾಟನೊಡನೆ ಮಡಿದರು.